ಸಂಜೆಯ ಕಣ್ಣು

ಕೆಂಪು ಚುಕ್ಕಿ, ಆರಿತು, ಮತ್ತೆ ಹತ್ತಿತು, ಮುಂದಿನ ಗಾಜಿಗೆ ಅಂಟಿಸಿದ ಆ ಕರಿ ಡಬ್ಬಿಯೊಳಗೆ, ಸದ್ದಿಲ್ಲದೆ, ಶುರುವಾಯಿತು ಇದರದ್ದು ಅಂದುಕೊಂಡು ತಿಪ್ಪೇರುದ್ರ ಬಲಗಣ್ಣಿನ ರೆಪ್ಪೆಯನ್ನು ಬಲವಂತವಾಗಿ ಮೇಲಕ್ಕೆಳೆದ, ನಿದ್ದೆ ಎಲ್ಲಿ ಬಂದಿದೆ, ಮಧ್ಯಾಹ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಚೆನ್ನಾಗಿ ಮಲಗೆದ್ದವನಲ್ಲವೇ — ಶಿರಾ ಹಿಂದೆ ಬಿತ್ತು, ಬೆನ್ನಿಗೆ ಸೂರ್ಯ, ಬಸ್ಸಿನ ನೆರಳು ಬಸ್ಸಿಗಿಂತ ಮೊದಲೇ ಮಧುಗಿರಿ ಕಡೆ ಓಡುತ್ತಿದೆ, ಹಿಂದೆ ಗಾರ್ಮೆಂಟ್ಸ್ ಹೆಂಗಸರು, ಇಡೀ ದಿನ ಮಿಷನ್ ಮುಂದೆ ಬಾಗಿದ ಬೆನ್ನುಗಳು ಈಗ ಸೀಟಿಗೆ ಒರಗಿವೆ, ಯಾರೋ ಕಡಲೆಕಾಯಿ ಸುಲಿಯುವ ಸದ್ದು, ಸಿಪ್ಪೆ ಕೆಳಗೆ ಹಾಕಬೇಡ್ರಮ್ಮ ಅಂತ ದಿನಾ ಹೇಳುತ್ತಾನೆ, ಇವತ್ತು ಹೇಳಲಿಲ್ಲ, ಮುಂದಿನ ಸೀಟಿನ ಸ್ಪಂದನಾ ಕನ್ನಡಿಯೊಳಗಿಂದ ಅವನ ಮುಖವನ್ನೇ ನೋಡುತ್ತಿದ್ದಾಳೆ, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ಅಣ್ಣ, ಲೈಟು ಹೊಡ್ಕಂತಾ ಐತೆ, ಹೊಡ್ಕಳ್ಲಿ ಬುಡವ್ವ, ಅದಕ್ಕೆ ಬುದ್ಧಿ ಇಲ್ಲ.

ಬುದ್ಧಿ ಇದೆ ಅಂತಲೇ ತಂದು ಹಾಕಿದ್ದು, ಸೂಪರ್‌ವೈಸರ್ ಚೇತನ್ ಕುಮಾರ್ ಸ್ಕ್ರೂ ತಿರುಗಿಸುತ್ತಾ ಹೇಳಿದ್ದ, ಇದು ನಿಮ್ಮ ಕಣ್ಣನ್ನೇ ನೋಡ್ತಿರುತ್ತೆ ಕಣಣ್ಣ, ತೂಕಡಿಸಿದ್ರೆ ಎಬ್ಬಿಸುತ್ತೆ, ನಿಮ್ಮ ಒಳ್ಳೇದಕ್ಕೇ, ತಿಪ್ಪೇರುದ್ರನಿಗೆ ನಗು ಬಂದಿತ್ತು, ಪಾವಗಡದ ಕಲ್ಲು, ಕೊರಟಗೆರೆಯ ಮರಳು, ತಿರುಮಣಿಯ ಸೋಲಾರ್‌ಗೆ ಗಾಜಿನ ಹಲಗೆ, ಏನೆಲ್ಲ ಹೊತ್ತು ಓಡಿಸಿದ ಕೈ ಇದು, ಒಂದು ನಾಯಿಗೂ ಚಕ್ರ ಮುಟ್ಟಿಸಿದವನಲ್ಲ — ಬೆಳಿಗ್ಗೆ ಹೊತ್ತು ಡಬ್ಬಿ ತೆಪ್ಪಗಿರುತ್ತಿತ್ತು, ಸಂಜೆಯಾದರೆ ಸಾಕು, ಒಳಗಿಂದ ಒಬ್ಬ ಹೆಂಗಸಿನ ದನಿ, ದಯವಿಟ್ಟು ಎಚ್ಚರವಾಗಿರಿ, ವಾಹನ ನಿಲ್ಲಿಸಿ ವಿಶ್ರಾಂತಿ ಪಡೆಯಿರಿ, ಮೊದಮೊದಲು ಹಿಂದಿನವರು ಅದರಂತೆಯೇ ಅಣಕಿಸಿ ನಗುತ್ತಿದ್ದರು, ಆಮೇಲೆ ನಗು ನಿಂತಿತು, ಕಂಬಿ ಹಿಡಿದು ಕೂರತೊಡಗಿದರು, ಅದು ಅವನಿಗೆ ಚುಚ್ಚಿತು, ಚೇತನಾ, ಇದು ಸುಳ್ಳು ಬೊಗಳ್ತೈತೆ ಕಣಪ್ಪ, ನೀನೇ ಪಕ್ಕ ಕೂತು ನೋಡು, ಕೂತ, ಆದರೆ ಕೂತದ್ದು ಬೆಳಗಿನ ಟ್ರಿಪ್ಪಿನಲ್ಲಿ, ಡಬ್ಬಿ ತುಟಿ ಬಿಚ್ಚಲಿಲ್ಲ, ಸಂಜೆ ಬಿಸಿಲಿಗೆ ಇದಕ್ಕೇ ಮಂಪರು ಅನ್ಸುತ್ತಣ್ಣ, ಸೌಂಡ್ ತೆಗೀತೀನಿ, ಲೈಟ್ ಇರಲಿ, ಅಷ್ಟೇ ಸಾಕು ಮಾರಾಯ.

ಹೆಂಡತಿ ಜಯಕ್ಕ ಮಾತ್ರ ನಗಲಿಲ್ಲ, ಮನೆಯಲ್ಲಿ ಮುದ್ದೆಯ ತಟ್ಟೆ ಇಡುತ್ತಾ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಬಲಗಣ್ಣು ಇಳಿದೈತೆ ಕಣ್ರೀ, ಅರ್ಧ ಬಾಗಿಲು ಹಾಕ್ದಂಗೆ, ದಣಿವು ಕಣೆ, ದಣಿವಾದ್ರೆ ಎರಡೂ ಇಳೀಬೇಕಲ್ಲ, ಒಂದೇ ಯಾಕೆ ಇಳೀತು — ಮಧುಗಿರಿಯ ಕಣ್ಣಿನ ಡಾಕ್ಟರು ಬೆಳಿಗ್ಗೆ ನೋಡಿದರು, ಬೆಳಿಗ್ಗೆ ಕಣ್ಣು ಕನ್ನಡಿಯಂತೆ ಇತ್ತು, ಕೆಳಗಿನ ಸಾಲಿನವರೆಗೂ ಗಡಗಡ ಓದಿದ, ಏನೂ ಇಲ್ಲ ಹೋಗಿ, ಜಯಕ್ಕ ಬಿಡಲಿಲ್ಲ, ಸಂಜೆ ಹೊತ್ನಾಗೆ ತೋರ್ಸಿ, ಸಂಜೆ ನನ್ನ ಬಸ್ ನಿಮ್ಮಪ್ಪ ಓಡಿಸ್ತಾನೇನು ಅಂದುಬಿಟ್ಟ, ಅವಳು ಸಾರಿನ ಸೌಟು ಕೆಳಗಿಟ್ಟು ಎದ್ದು ಹೋದಳು — ಅವಳಿಗೂ ಹೇಳದ ಇನ್ನೊಂದಿತ್ತು, ಮುಂಗಾರು ಕಳೆದ ಮೇಲೆ ಶುರುವಾದದ್ದು, ಸಂಜೆಯಾದರೆ ರಸ್ತೆಯ ಬಿಳಿ ಪಟ್ಟೆ ಎರಡಾಗುತ್ತದೆ, ಕಂಬದ ಪಕ್ಕ ಕಂಬ, ಎಮ್ಮೆಯ ಪಕ್ಕ ಎಮ್ಮೆ, ಅದಕ್ಕೆ ಮದ್ದನ್ನೂ ಅವನೇ ಕಂಡುಕೊಂಡಿದ್ದ, ಬಲಗಣ್ಣು ಮುಚ್ಚಿದರೆ ಆಯಿತು, ಲೋಕ ತಟಕ್ಕನೆ ಒಂದಾಗುತ್ತಿತ್ತು, ಹಾಗೇ ಓಡಿಸುತ್ತಿದ್ದ, ನೆನ್ನೆ ಹಿಂದಿನಿಂದ ಯಾರೋ ಕಿಸಕ್ಕೆಂದರು, ಡ್ರೈವರಣ್ಣ ಸ್ಪಂದನಂಗೆ ಕಣ್ಣು ಹೊಡೀತವ್ನೆ ಕಣ್ರೇ, ಬಸ್ಸೆಲ್ಲ ನಕ್ಕಿತು, ಹುಡುಗಿ ನಗಲಿಲ್ಲ, ದುಪಟ್ಟಾ ಸರಿಮಾಡಿಕೊಂಡು ಕಿಟಕಿ ಕಡೆ ತಿರುಗಿದಳು, ಅವನ ಮಗಳ ವಯಸ್ಸು, ಕಿವಿ ಸುಟ್ಟಂತಾಯಿತು, ಇವತ್ತು ಏನಾದರೂ ಆಗಲಿ ಎರಡೂ ಕಣ್ಣು ಬಿಟ್ಟೇ ಓಡಿಸಬೇಕು.

ಬಿಟ್ಟೇ ಇದ್ದ, ಎರಡು ಪಟ್ಟೆ, ಎರಡು ಮೈಲಿಗಲ್ಲು, ನಿಜವಾದದ್ದು ಎಡಗಡೆಯದು ಅಂತ ಮನಸ್ಸಿನಲ್ಲೇ ಲೆಕ್ಕ, ಅಲ್ಲ ಬಲಗಡೆಯದೋ, ತಿರುವು ಬಂತು, ಹುಣಸೆ ಮರದ ತಿರುವು, ದಿನಾ ಈ ಹೊತ್ತಿಗೆ ಚಿಕ್ಕಹನುಮಕ್ಕ ಹಸೀಹುಲ್ಲಿನ ಹೊರೆ ಹೊತ್ತು ಬರುತ್ತಾಳೆ, ಸ್ಪಂದನಾಳ ಊರಿನವಳು, ಬಸ್ಸು ಕಂಡರೆ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತು ಒಂದು ಕೈ ಎತ್ತುತ್ತಾಳೆ, ಅವನು ಸಣ್ಣಗೆ ಹಾರ್ನ್ ಒತ್ತುತ್ತಾನೆ, ಅಷ್ಟೇ ಅವರ ಪರಿಚಯ — ಇವತ್ತು ಇಬ್ಬರು, ಎರಡು ಹೊರೆ, ಎರಡು ಹಸಿರು ಸೀರೆ, ಎರಡು ಕೈ ಮೇಲಕ್ಕೆ, ಒಬ್ಬಳು ಮಣ್ಣಿನಲ್ಲಿ, ಒಬ್ಬಳು ಟಾರಿನ ಮೇಲೆ ಚಕ್ರಕ್ಕೆ ನೇರ, ಎದುರಿಂದ ಲಾರಿ, ಬಲಕ್ಕೆ ಜಾಗವಿಲ್ಲ, ಟಾರಿನವಳನ್ನು ಉಳಿಸಬೇಕು, ಎಡಕ್ಕೆ, ಪೂರ್ತಿ ಎಡಕ್ಕೆ, ಬ್ರೇಕ್, ಟಾರಿನ ಮೇಲಿದ್ದವಳು ಹೊಗೆಯಂತೆ ಸರಿದು ಮಣ್ಣಿನವಳ ಮೈಯೊಳಗೆ ಸೇರಿಕೊಂಡಳು, ಆಗ ಆ ಮೆತ್ತನೆಯ ಸದ್ದು.

ಇಳಿದವರ ಚಪ್ಪಲಿಗಳು, ಹುಲ್ಲು ಚೆಲ್ಲಿದೆ, ಲಾರಿಯವನು ನೀರಿನ ಬಾಟಲಿ ಹಿಡಿದು ಓಡಿ ಬರುತ್ತಿದ್ದಾನೆ, ಸ್ಪಂದನಾ ಮಣ್ಣಿನಲ್ಲಿ ಕೂತು ಆ ತಲೆಯನ್ನು ತೊಡೆಗೆ ಎಳೆದುಕೊಂಡಿದ್ದಾಳೆ, ಅಕ್ಕಾ, ಅಕ್ಕಾ, ನಾನು ಕಣಕ್ಕ, ಯಾರೋ ಮೂಗಿನ ಹತ್ತಿರ ಕೈ ಹಿಡಿದರು, ಹಿಡಿದವರು ಉಸಿರಿಲ್ಲ ಅಂದು ಎದ್ದರು, ನಿದ್ದೆ ಹೊಡೀತಿದ್ದ ಕಣ್ರೇ ಇವ್ನು, ಡಬ್ಬಿ ಲೈಟು ಹೊಡ್ಕಂಡ್ರೂ ನೋಡ್ಲಿಲ್ಲ, ಇಲ್ಲ ಕಣ್ರವ್ವ, ನಿದ್ದೆ ಮಾಡ್ಲಿಲ್ಲ, ಎರಡೂ ಕಣ್ಣು ಬಿಟ್ಟಿದ್ದೆ, ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಇವರಿಗೆ ಹೇಗೆ ಹೇಳುವುದು, ಬಸ್ಸಿನ ಮೆಟ್ಟಿಲ ಮೇಲೆ ಕೂತ, ಫೋನು ಬಡಿದುಕೊಳ್ಳುತ್ತಿದೆ, ಚೇತನ್ನೋ ಜಯಕ್ಕನೋ, ಜಯಕ್ಕ ಸೌಟು ಇಟ್ಟ ಸದ್ದು, ಬೆಳಿಗ್ಗೆ ಕಣ್ಣು ಕನ್ನಡಿಯಂತೆ, ಸಂಜೆ ತೋರ್ಸಿ ಅಂದಳಲ್ಲ, ಚಿಕ್ಕಹನುಮಕ್ಕ ರಸ್ತೆ ಬಿಟ್ಟೇ ನಿಂತಿದ್ದಳು, ದಿನದಂತೆ, ಮಣ್ಣಿನಲ್ಲೇ, ಅವನಿಗೆ ರಸ್ತೆ ಪೂರ್ತಿ ಬಿಟ್ಟುಕೊಟ್ಟಿದ್ದಳು, ಬಲಗಣ್ಣು ಮುಚ್ಚಿದ, ಈಗ ಮುಚ್ಚಿದ, ಹುಣಸೆ ಮರ ಒಂದಾಯಿತು, ಲಾರಿ ಒಂದಾಯಿತು, ಎರಡೂ ಮುಚ್ಚಿದ, ಮುಚ್ಚಿದ ಕಣ್ಣಿನೊಳಗೆ ಇಬ್ಬರು, ಕೈ ಎತ್ತಿ, ಹೊಗೆಯಂತೆ ಸರಿದು, ಒಬ್ಬಳು — ಮತ್ತೆ ಇಬ್ಬರು, ಕೈ ಎತ್ತಿ, ಸರಿದು, ಒಬ್ಬಳು — ಇಬ್ಬರು, ಕೈ ಎತ್ತಿ —