ಮೊಣಕೈ ಚಿಲಕ

ನಮ್ಮ ಬೀದೀಲಿ ಮೂವತ್ತೊಂದು ಮನೆ. ಅದರಲ್ಲಿ ಇಪ್ಪತ್ತೆರಡು ಮನೆ ಗೇಟು ನಾನು ಮಾಡಿದ್ದು. ಮಿಕ್ಕ ಒಂಬತ್ತು ಗೇಟು ಕಿರುಗುಟ್ಟುತ್ತವೆ, ಜೋತುಬಿದ್ದಿವೆ, ನೆಲ ಕೆರೀತವೆ. ಅದು ಅವರವರ ಹಣೆಬರಹ. ಹೆಂಗಸಿಗ್ಯಾಕೆ ವೆಲ್ಡಿಂಗ್ ಅಂತ ಮೂಗು ಮುರಿದಿದ್ದೂ ಅವರೇ. ನಾನು ಈ ಕೆಲಸಕ್ಕೆ ಕೈ ಹಾಕಿ ಹತ್ತೊಂಬತ್ತು ವರ್ಷ ಆಯ್ತು, ನನ್ನ ಬೆಸುಗೆ ಬಿಟ್ಟುಕೊಂಡಿದ್ದು ಇವತ್ತಿನವರೆಗೆ ಒಂದೂ ಇಲ್ಲ. ಜಂಬ ಅನ್ನಿ ಬೇಕಾದರೆ. ಇರೋ ಜಂಬಾನ ಬಚ್ಚಿಟ್ಟುಕೊಂಡು ನಾನೇನು ಮಾಡಲಿ?

ಗೇಟಿಗಿಂತ ಹೆಚ್ಚು ಹೆಸರು ತಂದಿದ್ದು ನನ್ನ ಚಿಲಕ. ಎರಡೂ ಕೈಲಿ ಚೀಲ ಹಿಡಿದು ಮನೆಯಿಂದ ಹೊರಡೋರು ಗೇಟಿನ ಮುಂದೆ ಒದ್ದಾಡೋದನ್ನ ನೋಡಿ ನೋಡಿ ಸಾಕಾಗಿ, ನಾನೇ ತಲೆ ಓಡಿಸಿ ಮಾಡಿದ್ದು. ಗೇಟಿನ ಒಳಮಗ್ಗುಲಿಗೆ ಅಗಲವಾದ, ಸ್ವಲ್ಪ ಬಾಗಿದ ಒಂದು ಪಟ್ಟಿ. ಮೊಣಕೈಯಿಂದ ಅದನ್ನ ಮೇಲಕ್ಕೆ ಎತ್ತಿದರೆ ಸಾಕು, ಚಿಲಕ ಏಳುತ್ತೆ, ಗೇಟನ್ನ ಮೈಯಿಂದ ತಳ್ಳಿಕೊಂಡು ಹೊರಗೆ ಹೋಗಬಹುದು. ಎಳೆದು ಹಾಕಿದರೆ ತನ್ನ ಭಾರಕ್ಕೆ ತಾನೇ ಟಕ್ ಅಂತ ಬೀಳುತ್ತೆ. ಬೀದಿಯವರು ಅದಕ್ಕೆ ಮೊಣಕೈ ಚಿಲಕ ಅಂತ ಹೆಸರಿಟ್ಟರು. ನನ್ನ ಗಂಡ ಗೇಟುಗಳಿಗೆ ಬಣ್ಣ ಹೊಡೆಯೋನು, ಗಿರಾಕಿ ಬಂದಾಗೆಲ್ಲ ಮೊಣಕೈಯಲ್ಲಿ ತೆಗೆದು ತೋರಿಸ್ತಾ ಇದ್ದ.

ನಮ್ಮ ಮನೇಲಿ ಯಜಮಾನ ಅಂದರೆ ಗಂಡ ಅಲ್ಲ, ನಾಯಿ. ಹದಿನಾಲ್ಕು ವರ್ಷದ ಮುದುಕ, ಎರಡು ಕಣ್ಣೂ ಕಾಣಲ್ಲ, ಮೊಣಕಾಲೆತ್ತರ ಇದ್ದಾನೆ, ಆದರೆ ಗತ್ತು ಮಾತ್ರ ಮೂರಾಳಿನದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಲಗಡೆ ಭುಜ ಗೋಡೆಗೆ ತಾಗಿಸಿಕೊಂಡು ನಮ್ಮ ಅಂಗಳವನ್ನ ಪೂರ್ತಿ ಸುತ್ತುತ್ತಾನೆ. ನೀರಿನ ಡ್ರಮ್ಮು ಮೂಗಿಗೆ ತಾಗಿದರೆ ಎಡಕ್ಕೆ, ಕಬ್ಬಿಣದ ಪೈಪಿನ ರಾಶಿ ಸಿಕ್ಕರೆ ಮತ್ತೆ ಎಡಕ್ಕೆ. ನಾವು ಯಾವ ಸಾಮಾನನ್ನೂ ಅಲ್ಲಿಂದ ಒಂದು ಗೇಣು ಕದಲಿಸಲ್ಲ. "ಇವನ ನಡಿಗೆ ನಿಲ್ಲೋಕೆ ಬಿಡಬೇಡಿ, ನಿಂತ ದಿನದಿಂದ ಇಳಿದುಹೋಗ್ತಾನೆ" ಅಂತ ನಾಯಿ ಡಾಕ್ಟರು ಹೇಳಿದ್ದರು. ಆ ಒಂದು ಮಾತು ನನ್ನ ತಲೇಲಿ ಮೊಳೆ ಹೊಡೆದಂಗೆ ಕೂತಿತ್ತು.

ಪಕ್ಕದ ಮನೆ ಕಾಂಪೌಂಡರದು. ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಲವತ್ತು ವರ್ಷ ಕೂತವರು. ನಿವೃತ್ತಿ ಆದಮೇಲೂ ಮುಖ್ಯರಸ್ತೆಯ ಮೆಡಿಕಲ್ ಶಾಪಿಗೆ ಹೋಗ್ತಿದ್ದರು, ಬಾಗಿಲು ತೆಗೆಯೋ ಬೀಗದಕೈ ಅವರ ಹತ್ತಿರಾನೇ ಇತ್ತು. ಒಂದು ಮಾತ್ರೆ ಹೆಚ್ಚು ಕೊಟ್ಟವರಲ್ಲ, ಒಂದು ಕಡಿಮೆ ಕೊಟ್ಟವರಲ್ಲ. ಒಂಟಿ ಜೀವ, ಜೊತೆಗೆ ಎರಡು ನಾಯಿ. ಕೆಂಚ, ಕರಿಯ. ಒಂದೊಂದೂ ಕರುವಿನಷ್ಟು.

ಮೊದಲ ಸಲ ಅವೆರಡೂ ನಮ್ಮ ಅಂಗಳಕ್ಕೆ ನುಗ್ಗಿದಾಗ ನಾನು ಕಿಟಕಿ ಸರಳು ಬೆಸೀತಾ ಇದ್ದೆ. ಯಜಮಾನ ಪೈಪಿನ ರಾಶಿಗೆ ಬೆನ್ನು ಕೊಟ್ಟು, ಯಾವ ಕಡೆ ಬೊಗಳಬೇಕೋ ತಿಳೀದೆ ಗೋಡೆಗೆ ಬೊಗಳ್ತಾ ಇದ್ದ. ನಾನು ಪೈಪು ಹಿಡಿದು ಓಡಿದೆ. ಎರಡೂ ಬಾಲ ಮುದುರಿಕೊಂಡು ಹೊರಟವು. ನಾನು ಅದೇ ಪೈಪು ಹಿಡಿದುಕೊಂಡೇ ಕಾಂಪೌಂಡರ ಮನೆಗೆ ಹೋದೆ. ಗೇಟು ಹಾರುಹೊಡೆದಿತ್ತು.

"ಏನು ಕಾಂಪೌಂಡರೇ, ಚಿಲಕ ಹಾಕೋಕೆ ಕೈಗೆ ಅಷ್ಟು ಸಂಕಟಾನಾ?"

"ಹಾಕಿದ್ದೆನಲ್ಲಮ್ಮ" ಅಂದರು ಅವರು, ಗೇಟನ್ನೇ ನೋಡ್ತಾ.

"ಹಾಕಿದ ಚಿಲಕ ತಾನಾಗೇ ತೆಗೆದುಕೊಳ್ಳೋಕೆ ಅದಕ್ಕೇನು ಕೈಕಾಲಿದೆಯಾ? ಅದು ನಾನು ಮಾಡಿದ ಚಿಲಕ."

ಅವರು ಮಾತು ಬೆಳೆಸಲಿಲ್ಲ. ತಪ್ಪಾಯ್ತು ಅಂದರು. ಕಟ್ಟಿಹಾಕಿ ಅಂದೆ. ಕಟ್ಟಿದರೆ ಕೆಂಚ ಊಟ ಬಿಡ್ತಾನೆ, ಇನ್ನುಮೇಲೆ ಗೇಟನ್ನ ಎರಡೆರಡು ಸಲ ನೋಡಿಕೊಳ್ತೀನಿ ಅಂದರು. ನಿನ್ನ ಗೇಟನ್ನ ನೀನೇ ಹಾಕ್ಕೋಬಾರದಾ ಅಂತ ನೀವು ಕೇಳಬಹುದು. ದಿನಕ್ಕೆ ನಾಲ್ಕು ಸಲ ಕಬ್ಬಿಣದ ಗಾಡಿ ಬರೋ ಅಂಗಳ ನಮ್ಮದು, ಹಗಲು ತೆಗೆದೇ ಇರಬೇಕು. ಅದೂ ಅಲ್ಲದೆ, ತಪ್ಪು ಅವರದು, ಬಾಗಿಲು ಹಾಕ್ಕೊಂಡು ಕೂರೋಳು ನಾನಾ?

ಹತ್ತು ದಿನದೊಳಗೆ ಅವು ಮತ್ತೆರಡು ಸಲ ಬಂದವು. ಯಜಮಾನ ಅಂಗಳದ ಅರ್ಧಕ್ಕೇ ನಿಂತು ಗಾಳಿ ಮೂಸಿ, ತಿರುಗಿ ಒಳಗೆ ಬರೋಕೆ ಶುರುಮಾಡಿದ. ಅವನ ನಡಿಗೆ ಅರ್ಧ ಆಯ್ತು ಅಂದರೆ ನನ್ನ ಹೊಟ್ಟೆಗೆ ಊಟ ಸೇರಲ್ಲ. ಮೂರನೇ ಸಲ ನಾನು ಹೋದಾಗ ಕಾಂಪೌಂಡರು ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. ಔಷಧಿ ಚೀಟಿ ಬರೆಯೋ ಗುಂಡು ಅಕ್ಷರದಲ್ಲಿ ಸಾಲು ಸಾಲಾಗಿ ಬರೆದಿದ್ದರು. ಬೆಳಿಗ್ಗೆ ಆರೂ ಹತ್ತು, ಗೇಟು ಹಾಕಿದೆ, ಅಲುಗಾಡಿಸಿ ನೋಡಿದೆ. ಎಂಟೂ ಇಪ್ಪತ್ತು, ಹಾಕಿದೆ, ನೋಡಿದೆ.

"ನೋಡು ತಾಯಿ, ಇವತ್ತೂ ಬರೆದಿದ್ದೀನಿ" ಅಂದರು.

ಆಗ ನಾನು ಆಡಬಾರದ ಮಾತು ಆಡಿದೆ. "ಪುಸ್ತಕದಲ್ಲಿ ಬರೆದರೆ ಗೇಟು ಹಾಕ್ಕೊಳ್ಳಲ್ಲ ಕಾಂಪೌಂಡರೇ. ಹಾಕದೇನೇ ಹಾಕಿದೆ ಅಂತ ಬರೀತಾ ಇದ್ದೀರಿ. ಮೊದಲು ನಿಮ್ಮ ತಲೆ ತೋರಿಸಿಕೊಳ್ಳಿ."

ಅವರು ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟುಕೊಂಡರು. "ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು" ಅಂದರು. "ಮೊದಲು ಒಲೆ ಆರಿಸಿದೆ ಅಂತಿದ್ದ, ಆರಿಸಿರ್ತಿರಲಿಲ್ಲ. ಎರಡು ವರ್ಷಕ್ಕೆ ನನ್ನ ಹೆಸರೇ ಮರೆತ. ಗೇಟು ಹೋಗಲಿ ಬಿಡಮ್ಮ. ಅಂಗಡೀಲಿ ಯಾರದೋ ಮಗುವಿಗೆ ಒಂದು ಕೊಡೋ ಕಡೆ ಇನ್ನೊಂದು ಕೊಟ್ಟುಬಿಟ್ಟರೆ?"

ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಪೈಪು ಭುಜದ ಮೇಲೆ ಹಾಕ್ಕೊಂಡು ವಾಪಸ್ಸು ಬಂದೆ. ಪಾಪ ಅನ್ನಿಸಲಿಲ್ಲ ಅಂತಲ್ಲ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಅದಾದ ನಾಲ್ಕನೇ ದಿನ ಕೆಂಚ ಯಜಮಾನನ ಕಿವಿ ಸೀಳಿದ. ಕೂಗು ಕೇಳಿ ನಾನು ವೆಲ್ಡಿಂಗ್ ಕನ್ನಡಕ ಬಿಸಾಕಿ ಓಡೋ ಹೊತ್ತಿಗೆ ಗೋಡೆಗುಂಟ ರಕ್ತ. ಏಳು ಹೊಲಿಗೆ. ನನ್ನ ಗಂಡ ಜೋರು ಮಾತು ಆಡಿದವನಲ್ಲ, ಅವತ್ತು ಅವನೇ, "ಇದು ಇಲ್ಲಿಗೆ ಮುಗೀಬೇಕು ಕಣೇ" ಅಂದ. ನಾನು ಕೂತು ಪುರಸಭೆ ಆಫೀಸಿಗೆ ಅರ್ಜಿ ಬರೆದೆ. ಕಚ್ಚೋ ನಾಯಿ ಬೀದಿಗೆ ಬಿಡ್ತಾರೆ, ನಾಯಿಗಳನ್ನ ಇಲ್ಲಿಂದ ಸಾಗಿಸಬೇಕು, ಅಂತ. ಸಹಿ ಹಾಕಿಸೋಕೆ ಮನೆ ಮನೆಗೂ ನಾನೇ ತಗೊಂಡು ಹೋದೆ. ನನ್ನ ಮಾತಿಗೆ ಬೀದೀಲಿ ಇಲ್ಲ ಅಂದವರಿಲ್ಲ. ಕೊನೆಗೆ ಕಾಂಪೌಂಡರ ಮನೆ ದಾಟಿ ಹೋಗ್ತಿದ್ದೆ, ಅವರೇ ಕರೆದರು. ಅರ್ಜಿ ಪೂರ್ತಿ ಓದಿದರು, ಒಂದು ಕಡೆ ತಾರೀಖು ತಪ್ಪಾಗಿತ್ತು, ತಿದ್ದಿದರು. ಆಮೇಲೆ ಕೆಳಗೆ ತಮ್ಮ ಸಹಿ ಹಾಕಿ ಕೊಟ್ಟರು.

"ಆಫೀಸಿನವರೆಗೆ ಹೋಗೋ ತೊಂದರೆ ಬೇಡ. ಇಟ್ಟಿಗೆ ಗೂಡಿನವರು ಕಾವಲಿಗೆ ನಾಯಿ ಕೇಳ್ತಿದ್ದರು. ಭಾನುವಾರ ಹತ್ತು ಗಂಟೆಗೆ ಗಾಡಿ ಬರುತ್ತೆ. ಅಂಗಡಿಗೂ ಹೇಳಿಬಿಟ್ಟೆ, ಸೋಮವಾರ ಬೀಗದಕೈ ಒಪ್ಪಿಸ್ತೀನಿ ಅಂತ. ನೀನು ಹೇಳಿದ್ದು ಸರಿ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ."

ಗೆದ್ದೆ ಅಂತ ಮನೆಗೆ ಬಂದೆ. ಗೆದ್ದವಳ ಥರ ಊಟ ಮಾಡಿದೆ, ನಿದ್ದೆನೂ ಮಾಡಿದೆ. ಸುಳ್ಳು ಯಾಕೆ ಹೇಳಲಿ.

ಭಾನುವಾರ ನಮ್ಮ ಶೆಡ್ಡಿಗೆ ರಜ. ತಗಡಿನ ಸೂರಿನ ಒಂದು ಕಡೆ ಬೋಲ್ಟು ಸಡಿಲ ಆಗಿತ್ತು ಅಂತ ಏಣಿ ಹಾಕ್ಕೊಂಡು ಮೇಲೆ ಹತ್ತಿದ್ದೆ. ಒಂಬತ್ತೂಕಾಲು ಇರಬೇಕು. ಯಜಮಾನ ಹೊಲಿಗೆ ಹಾಕಿಸಿಕೊಂಡು ಒಳಗೆ ಮಲಗಿದ್ದ, ನಮ್ಮ ಗೇಟಿಗೆ ಸರಪಳಿ ಹಾಕಿತ್ತು. ಮೇಲಿಂದ ನೋಡಿದರೆ ಕಾಂಪೌಂಡರ ಅಂಗಳ ಅಂಗೈಯಷ್ಟು ಸ್ಪಷ್ಟ. ಅವರು ಎರಡೂ ನಾಯಿಗೆ ಸ್ನಾನ ಮಾಡಿಸಿ ಟವೆಲಿನಲ್ಲಿ ಒರೆಸ್ತಾ ಇದ್ದರು. ಕರಿಯನ ಕಿವಿಯೊಳಗೂ ಒರೆಸಿದರು. ಆಮೇಲೆ ಗೇಟಿನ ಹತ್ತಿರ ಬಂದರು. ಎಳೆದು ಹಾಕಿದರು. ಟಕ್ ಅಂದಿದ್ದು ನನಗೂ ಕೇಳಿಸಿತು. ಎರಡು ಸಲ ಅಲುಗಾಡಿಸಿದರು, ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡರು, ನಾಯಿಗಳ ಲಸಿಕೆ ಚೀಟಿ ತರೋಕೋ ಏನೋ ಒಳಗೆ ಹೋದರು.

ಬಾಗಿಲು ಹಾಕಿದ ಸದ್ದು ಕೇಳಿದ ತಕ್ಷಣ ಕೆಂಚ ಎದ್ದ. ಮೈ ಮುರಿದ. ಯಾವ ಆತುರಾನೂ ಇಲ್ಲದೆ ಗೇಟಿನ ಹತ್ತಿರ ಹೋಗಿ, ಮುಂಗಾಲು ಎರಡನ್ನೂ ಸರಳಿನ ಮೇಲಿಟ್ಟು ನಿಂತ. ಮೂತಿಯನ್ನ ಆ ಅಗಲವಾದ ಪಟ್ಟಿಯ ಕೆಳಗೆ ತೂರಿಸಿ ಮೇಲಕ್ಕೆ ಎತ್ತಿದ. ಚಿಲಕ ಎದ್ದಿತು. ಅವನ ಭಾರಕ್ಕೇ ಗೇಟು ತೆರೆಯಿತು. ಎಣ್ಣೆ ಹಾಕಿದ ನನ್ನ ಕೀಲು, ಒಂದು ಚೂರೂ ಸದ್ದಿಲ್ಲ.

ನನ್ನ ಕೈಲಿದ್ದ ಸ್ಪ್ಯಾನರ್ ಜಾರಿ ತಗಡಿನ ಮೇಲೆ ಉರುಳಿಹೋಯ್ತು. ಮೊಣಕೈ ಎತ್ತರ ಅಳೆದಿದ್ದೆ, ಮಕ್ಕಳ ಎತ್ತರ ಅಳೆದಿದ್ದೆ. ನಾಯಿ ಎದ್ದು ನಿಂತರೆ ಎಷ್ಟಾಗುತ್ತೆ ಅಂತ ನನ್ನ ತಲೆಗೆ ಬಂದೇ ಇರಲಿಲ್ಲ. ನಮ್ಮ ಯಜಮಾನ ಗಿಡ್ಡ ನೋಡಿ, ಚಿಲಕ ಮಾಡುವಾಗ ನನ್ನ ಕಣ್ಣ ಮುಂದಿದ್ದ ನಾಯಿ ಅವನೊಬ್ಬನೇ.

ನಾನು ಅಲ್ಲೇ ಸೂರಿನ ಮೇಲೆ ಕೂತೆ. ಇನ್ನು ಮುಕ್ಕಾಲು ಗಂಟೇಲಿ ಗಾಡಿ ಬರುತ್ತೆ. ನಾಯಿಗಳು ಹೋಗ್ತವೆ, ಯಜಮಾನ ನೆಮ್ಮದಿಯಾಗಿ ಗೋಡೆ ಸುತ್ತುತ್ತಾನೆ, ಇಪ್ಪತ್ತೆರಡು ಗೇಟಿನ ಮರ್ಯಾದೆ ಉಳಿಯುತ್ತೆ. ನೋಡಿದವಳು ನಾನೊಬ್ಬಳೇ. ತುಟಿಪಿಟಕ್ ಅನ್ನದೆ ಇದ್ದರೆ ಯಾರಿಗೂ ತಿಳಿಯಲ್ಲ. ಹೀಗೆಲ್ಲ ಯೋಚಿಸಿದೆ ಅಂತ ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಯೋಚಿಸಿದೆ.

ಅಷ್ಟರಲ್ಲಿ ಕಾಂಪೌಂಡರು ಹೊರಗೆ ಬಂದರು. ತೆರೆದ ಗೇಟನ್ನ ನೋಡಿದರು. ನೋಟ್‌ಬುಕ್ ತೆಗೆದು, ಈಗಷ್ಟೇ ಬರೆದ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಮತ್ತೆ ಗೇಟು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು, ಒಂದು ಕೈಲಿ ತಲೆ ಹಿಡಿದುಕೊಂಡರು. ನಾಯಿಗಳು ಹೊರಗೆ ಬೀದಿ ಕಂಬ ಮೂಸ್ತಾ ಇದ್ದವು.

ನಾನು ಏಣಿ ಹೇಗೆ ಇಳಿದೆನೋ ಗೊತ್ತಿಲ್ಲ.

"ಕಾಂಪೌಂಡರೇ, ನೀವು ಗೇಟು ಹಾಕಿದ್ದಿರಿ" ಅಂದೆ. ಏದುಸಿರು ಬಿಡ್ತಾ ಇದ್ದೆ. "ನಾನು ಮೇಲಿಂದ ಕಣ್ಣಾರೆ ನೋಡಿದೆ. ಹಾಕಿದಿರಿ, ಎರಡು ಸಲ ಅಲುಗಾಡಿಸಿದಿರಿ, ಬರೆದುಕೊಂಡಿರಿ. ತೆಗೆದಿದ್ದು ಕೆಂಚ."

ಅವರು ತಲೆ ಎತ್ತಲಿಲ್ಲ. "ನನ್ನ ಸಮಾಧಾನಕ್ಕೆ ಹೇಳಬೇಡ ತಾಯಿ."

"ಸಮಾಧಾನ ಮಾಡೋ ಮುಖಾನಾ ಇದು? ನಿಮ್ಮ ತಲೆ ಸರಿಯಾಗಿದೆ. ಸರಿಯಿಲ್ಲದ್ದು ನನ್ನ ಚಿಲಕ. ಬನ್ನಿ ಇಲ್ಲಿ."

ನಾಯಿಗಳನ್ನ ಕರೆದು ಒಳಗೆ ಬಿಟ್ಟೆ. ಅವರ ಕೈಯಿಂದಲೇ ಗೇಟು ಹಾಕಿಸಿದೆ. ಅವರ ತೋಳು ಹಿಡಿದು ಬಾಗಿಲ ಹಿಂದೆ ಎಳೆದುಕೊಂಡು ಹೋಗಿ, ಸಂದಿಯಿಂದ ನೋಡಿ ಅಂದೆ. ಕೆಂಚ ಎರಡು ನಿಮಿಷ ಸುಮ್ಮನೆ ಮಲಗಿದ್ದ, ಮಾನ ಕಳೀತಾನೆ ಅಂದುಕೊಂಡೆ. ಆಮೇಲೆ ಎದ್ದ, ಮೈ ಮುರಿದ, ಮುಂಗಾಲು ಇಟ್ಟ, ಮೂತಿ ತೂರಿಸಿದ, ಗೇಟು ತೆರೆಯಿತು.

ಕಾಂಪೌಂಡರು ಹೋಗಿ ನಾಯಿಗಳನ್ನ ಕರೆತಂದು, ತಾವೇ ಗೇಟು ಹಾಕಿದರು. "ಇನ್ನೊಂದು ಸಲ" ಅಂದರು. ಕೆಂಚ ಇನ್ನೊಂದು ಸಲ ತೆಗೆದ. ಮತ್ತೆ ಹಾಕಿದರು. ಮೂರನೇ ಸಲಕ್ಕೆ ಅವರ ಕಣ್ಣಲ್ಲಿ ನೀರು ಇಳೀತಾ ಇತ್ತು, ಬಾಯಿ ಮಾತ್ರ ನಗ್ತಾ ಇತ್ತು. "ಕಳ್ಳ, ಕಳ್ಳ" ಅಂತ ಅವನ ಕುತ್ತಿಗೆ ತಬ್ಬಿಕೊಂಡರು. ನಾನು ಅವರ ಮುಖ ನೋಡಲಾರದೆ ಮನೆಗೆ ಓಡಿಹೋಗಿ, ಉದ್ದದ ವಯರು ಎಳೆದುಕೊಂಡು ಕಟಿಂಗ್ ಮಿಷನ್ ತಂದೆ.

"ಈಗಲೇ ಈ ಪಟ್ಟಿ ಕತ್ತರಿಸ್ತೀನಿ. ಮೂತಿ ತೂರದ ಹಾಗೆ ಕಬ್ಬಿಣದ ಡಬ್ಬಿಯೊಳಗೆ ಬೆರಳು ಹಾಕಿ ಎಳೆಯೋ ಚಿಲಕ ಹಾಕಿಕೊಡ್ತೀನಿ, ಸಂಜೆಯೊಳಗೆ. ಬೀದಿಯವರಿಗೆಲ್ಲ ನಾನೇ ಹೇಳಿ, ಒಂದೊಂದೇ ಗೇಟು ಬದಲಾಯಿಸ್ತೀನಿ. ಅರ್ಜಿ ಹರಿದು ಹಾಕ್ತೀನಿ. ನಿಮಗೆ ಆಡಿದ ಮಾತಿಗೆ..." ಮಾತಿಗೆ ಎಂದೂ ತಡವರಿಸದೆ ಇದ್ದ ಬಾಯಿ ಇದು.

"ನಿನ್ನ ನಾಯಿ ಕಿವಿ?" ಅಂದರು.

"ಒಣಗ್ತಾ ಇದೆ. ಆದರೆ ಹೊಸ ಚಿಲಕ ಬೀಳೋವರೆಗೆ ಕೆಂಚನನ್ನ ಕಟ್ಟಿಯೇ ಇಡಬೇಕು, ಊಟ ಬಿಟ್ಟರೂ ಸರಿ. ಅದರಲ್ಲಿ ನಾನು ರಾಜಿ ಆಗಲ್ಲ."

"ಆಗಬೇಡ" ಅಂತ ಅವರೇ ಕೆಂಚನಿಗೆ ಸರಪಳಿ ಹಾಕಿದರು.

ಇಟ್ಟಿಗೆ ಗೂಡಿನ ಗಾಡಿ ಬಂದು ಹಾರ್ನ್ ಹೊಡೆಯಿತು. ನಾನು ಹೋಗಿ ನಾಯಿ ಕೊಡೋದಿಲ್ಲ ಅಂತ ಹೇಳಿ ಕಳಿಸಿದೆ. ಡ್ರೈವರ್ ಗೊಣಗಿದ, ನಾನು ಕಟಿಂಗ್ ಮಿಷನ್ ಹಿಡಿದಿದ್ದು ನೋಡಿ ಹೊರಟ. ತಿರುಗಿ ಬಂದಾಗ ಕಾಂಪೌಂಡರು ಮೆಟ್ಟಿಲ ಮೇಲೆ ನೆಟ್ಟಗೆ ಕೂತು ಫೋನಿನಲ್ಲಿದ್ದರು.

"ಹೌದು, ನಾನೇ. ನಾಳೆ ಬೀಗದಕೈ ಬೇರೆಯವರಿಗೆ ಕೊಡೋದು ಬೇಡ, ನಾನೇ ಬಂದು ಬಾಗಿಲು ತೆಗೀತೀನಿ. ಇಲ್ಲ, ಏನೂ ಆಗಿಲ್ಲ. ನನಗೇನೂ ಆಗಿಲ್ಲ." ಆ ಕೊನೇ ಮಾತನ್ನ ಅವರು ಇನ್ನೊಂದು ಸಲ, ಫೋನು ಇಟ್ಟಮೇಲೂ ಹೇಳಿಕೊಂಡರು.

ಆಮೇಲೆ ಕನ್ನಡಕ ಒರೆಸಿ ಹಾಕ್ಕೊಂಡು ನನ್ನ ಕಡೆ ತಿರುಗಿ, "ಹೂಂ, ಈಗ ಕತ್ತರಿಸಮ್ಮ" ಅಂದರು.