ಗಾಳಿ ಕೋಟೆಯ ಚಪ್ಪಲಿ ಗೂಡು

ಅರ್ಜಿಯ ಕಾಗದ ಎರಡು ದಿನದಿಂದ ಊಟದ ಮೇಜಿನ ಮೇಲೇ ಬಿದ್ದಿತ್ತು. ವಯಸ್ಸು, ಓದು, ವಿಳಾಸ ಎಲ್ಲ ತುಂಬಿಯಾಗಿತ್ತು. ಅನುಭವ ಎಂಬಲ್ಲಿ 'ಶಾಲಾ ಬಸ್ಸಿನ ಆಯಾ, ಹನ್ನೊಂದು ವರ್ಷ' ಎಂದು ಬರೆಯುವಾಗ ಬಸ್ಸಮ್ಮನ ಕೈ ಅಳುಕಿರಲಿಲ್ಲ. ಅದರ ಕೆಳಗಿನ ಸಾಲಿಗೆ ಬಂದು ಪೆನ್ನು ನಿಂತುಬಿಟ್ಟಿತ್ತು. ಹಿಂದಿನ ಕೆಲಸ ಬಿಟ್ಟ ಕಾರಣ.

ಬಸ್ಸಮ್ಮ ಎಂದು ಹೆಸರಿಟ್ಟಿದ್ದು ಮಕ್ಕಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದನ್ನು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಗಂಡ ಹೋದ ಮೇಲೆ ಅವಳು ನಾದಿನಿಯ ಎರಡು ಕೋಣೆಯ ಮನೆಯಲ್ಲಿದ್ದಳು. ನಾದಿನಿಗೆ ಅವಳು ಅತ್ತಿಗೆ.

"ಇನ್ನೂ ಅದೇ ಸಾಲಲ್ಲಿ ಇದೀರಾ ಅತ್ತಿಗೆ? ಕಾಗದ ನೋಡ್ತಾ ಕೂತ್ರೆ ಅದೇನು ಮೊಟ್ಟೆ ಇಡುತ್ತಾ?" ನಾದಿನಿ ಕೂದಲು ಬಾಚಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ಅವಳು ಆಟದ ಪಾರ್ಕಿನಲ್ಲಿ ಪಾಪ್‌ಕಾರ್ನ್ ಮಾರುವ ಕೆಲಸದಲ್ಲಿದ್ದಳು. ರಜೆಯ ಎರಡು ತಿಂಗಳಿಗೆ ಮಕ್ಕಳ ವಿಭಾಗಕ್ಕೆ ಜನ ಬೇಕು ಎಂಬ ಸುದ್ದಿ ತಂದವಳೂ ಅವಳೇ.

"ಏನಂತ ಬರೀಲೇ?"

"ಶಾಲೆ ಮುಚ್ತು ಅಂತ ಬರೀರಿ."

"ಶಾಲೆ ಗಟ್ಟಿಮುಟ್ಟಾಗಿದೆ ಕಣೇ. ಮೊನ್ನೆ ಇನ್ನೊಂದು ಮಹಡಿ ಕಟ್ಟಿದ್ರಂತೆ."

"ನಿಮ್ಮ ಪಾಲಿಗೆ ಮುಚ್ತಲ್ಲ? ಅಷ್ಟೇ ಸತ್ಯ. ಉಳಿದಿದ್ದನ್ನ ಹೊಟ್ಟೇಲಿ ಇಟ್ಕೊಳ್ಳಿ. ಏಳು ತಿಂಗಳಿಂದ ಕಿಟಕಿ ಹತ್ರ ಕೂತು ಕೂತು ನೀವೂ ಒಂದು ಪರದೆ ಆಗೋಗಿದೀರಿ, ಒಗೆಯೋಕೆ ಹಾಕೋದೊಂದು ಬಾಕಿ."

ಬಸ್ಸಮ್ಮ ನಕ್ಕಳು. ನಕ್ಕದ್ದೇ ತಪ್ಪಾಯಿತೇನೋ, ನಾದಿನಿ ಪೆನ್ನನ್ನು ಅವಳ ಬೆರಳಿಗೆ ಸಿಕ್ಕಿಸಿ ಕಾಗದದ ಮೇಲೆ ಒತ್ತಿಯೇಬಿಟ್ಟಳು. 'ಶಾಲೆ ಮುಚ್ಚಿದ್ದರಿಂದ.' ಅಕ್ಷರ ಮಾತ್ರ ಮುತ್ತಿನಂತೆ ಬಂದವು.

ನಡೆದದ್ದು ಬೇರೆ. ಬಸ್ಸಿನೊಳಗೆ ಕಿಟಕಿಯ ಮೇಲುದ್ದಕ್ಕೂ ಕೊಕ್ಕೆಗಳಿದ್ದವು, ಮಗುವಿಗೊಂದು ಕೊಕ್ಕೆ. ಹತ್ತುವಾಗ ಚೀಲ ತೂಗುಹಾಕುವುದು, ಇಳಿಯುವಾಗ ತೆಗೆದುಕೊಳ್ಳುವುದು. ಮಕ್ಕಳು ಒಂದು ಕಡೆ ನಿಲ್ಲುವ ಜಾತಿಯಲ್ಲ, ಎಣಿಸುತ್ತಿದ್ದಂತೆ ಜಾಗ ಬದಲಿಸುತ್ತವೆ. ಚೀಲಗಳು ಹಾಗಲ್ಲ. ಆದ್ದರಿಂದ ಆ ಶಾಲೆಯ ಆಯಾಗಳೆಲ್ಲ ಕೊಕ್ಕೆ ನೋಡಿಯೇ ಬಸ್ಸು ಬಿಡುತ್ತಿದ್ದರು. ಕೊಕ್ಕೆ ಖಾಲಿಯಾದರೆ ಬಸ್ಸು ಖಾಲಿ. ಹನ್ನೊಂದು ವರ್ಷ ಅದು ಒಮ್ಮೆಯೂ ತಪ್ಪಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕನೊಬ್ಬಳು, ತಮ್ಮ ಆಗಲೇ ಇಳಿದುಹೋದ, ಚೀಲ ಮರೆತ ಎಂದುಕೊಂಡು ಅವನ ಚೀಲವನ್ನೂ ಹೆಗಲಿಗೇರಿಸಿ ಇಳಿದಳು. ತಮ್ಮ ಹಿಂದಿನ ಸೀಟಿನಲ್ಲಿ ಮುದುರಿ ಮಲಗಿದ್ದ. ಬಸ್ಸಮ್ಮ ಕೊಕ್ಕೆ ನೋಡಿದಳು, ಚಾಲಕನಿಗೆ "ನಡಿಯಪ್ಪ" ಎಂದಳು. ಬಸ್ಸು ಹೋಗಿ ಬಿಸಿಲಿನಲ್ಲಿ ನಿಂತಿತು. ನಲವತ್ತು ನಿಮಿಷ. ಮಗು ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂತು. ಬಸ್ಸಮ್ಮನಿಗೆ ಮಾತ್ರ ಇನ್ನು ಯಾರೂ ಮಕ್ಕಳನ್ನು ಒಪ್ಪಿಸುವ ಹಾಗಿರಲಿಲ್ಲ. ಈಗ ಅವಳಿಗೆ ಬೇಕಾಗಿದ್ದುದು ಅದೊಂದೇ. ಎರಡೇ ತಿಂಗಳಾದರೂ ಸರಿ, ಯಾರಾದರೂ ನಂಬಿ ಒಂದು ಹಿಂಡು ಮಕ್ಕಳನ್ನು ತನ್ನ ಕೈಗೆ ಕೊಡಬೇಕು.

ಸಂದರ್ಶನ ಪಾರ್ಕಿನ ಹಿಂಬಾಗಿಲ ಪಕ್ಕದ ಕಚೇರಿಯಲ್ಲಿ. ಗೋಡೆಯ ತುಂಬ ಬೀಗದ ಕೈಗಳು, ಒಂದು ಮೂಲೆಯಲ್ಲಿ ಕರಡಿ ವೇಷದ ತಲೆ ಮಾತ್ರ ಕುರ್ಚಿಯ ಮೇಲೆ ಕೂತು ಎಲ್ಲರನ್ನೂ ನೋಡುತ್ತಿತ್ತು. ಮೇಜಿನ ಆಚೆ ಕನ್ನಡಕದ ಮೇಡಂ. ಅವರ ಪಕ್ಕದಲ್ಲಿ ಮಕ್ಕಳ ವಿಭಾಗದ ಮೇಲ್ವಿಚಾರಕ. ಕೊರಳಲ್ಲಿ ಸದಾ ಸೀಟಿ ಇರುವುದರಿಂದ ಪಾರ್ಕಿನವರೆಲ್ಲ ಅವನನ್ನು ಸೀಟಿ ಸಾರ್ ಎನ್ನುತ್ತಿದ್ದರು. ಬಸ್ಸಮ್ಮನ ಜತೆ ಇನ್ನೊಬ್ಬಳು ಬಂದಿದ್ದಳು, ಟೋಪಿ ಹಾಕಿದ್ದ ಕಾಲೇಜು ಹುಡುಗಿ. ಇರುವುದು ಒಂದೇ ಜಾಗ.

"ಮಗು ಅತ್ತರೆ ಏನ್ ಮಾಡ್ತೀರಿ?" ಮೇಡಂ ಕೇಳಿದರು.

"ಯಾವ ಅಳು ಅಂತ ನೋಡ್ತೀನಿ ಮೇಡಂ."

"ಅಂದರೆ?"

"ಬಿದ್ದು ಅಳೋ ಮಗು ಮೊದಲು ಉಸಿರು ಎಳ್ಕೊಳ್ಳುತ್ತೆ, ಆಮೇಲೆ ಸದ್ದು. ಹಟಕ್ಕೆ ಅಳೋದು ಒಂದು ಕಣ್ಣಲ್ಲಿ ನಮ್ಮನ್ನ ನೋಡ್ತಿರುತ್ತೆ. ಅಮ್ಮ ಕಾಣದೆ ಅಳೋದು ನೋಡೋದೇ ಇಲ್ಲ. ಅದನ್ನ ಮಾತ್ರ ತಕ್ಷಣ ಎತ್ಕೋಬೇಕು."

ಸೀಟಿ ಸಾರ್ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಚಡ್ಡೀಲಿ ಮಾಡ್ಕೊಂಡ್ರೆ?"

"ಯಾರಿಗೂ ಗೊತ್ತಾಗದ ಹಾಗೆ ಕರ್ಕೊಂಡು ಹೋಗ್ತೀನಿ. ಅವಕ್ಕೂ ಮಾನ ಇರುತ್ತೆ ಸಾರ್, ನಮಗಿಂತ ಒಂದು ತೂಕ ಜಾಸ್ತೀನೇ."

ಮೇಡಂ ನಕ್ಕು ಕಾಗದದ ಮೇಲೆ ಏನೋ ಗುರುತು ಹಾಕಿದರು. ಬಸ್ಸಮ್ಮನಿಗೆ ತಾನು ಗೆಲ್ಲುತ್ತಿದ್ದೇನೆ ಎಂದು ತಿಳಿಯಿತು.

"ಶಾಲೆ ಮುಚ್ಚಿಹೋಯ್ತಾ? ಪಾಪ," ಎಂದರು ಮೇಡಂ. "ಹನ್ನೊಂದು ವರ್ಷ ಇದ್ದ ಜಾಗ. ಸಂಕಟ ಆಗಿರ್ಬೇಕು."

"ಆಯ್ತು ಮೇಡಂ," ಎಂದಳು ಬಸ್ಸಮ್ಮ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ 'ಪಾಪ' ಎಂಬ ಮಾತು ಅಂಗಾಲಿಗೆ ಮುಳ್ಳು ಚುಚ್ಚಿದಂತೆ ಚುಚ್ಚಿ ಅಲ್ಲೇ ಉಳಿಯಿತು.

ಆಮೇಲೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಇಬ್ಬರಿಗೂ ಒಂದೊಂದು ಗಂಟೆ ಗಾಳಿ ಕೋಟೆಯ ಹತ್ತಿರ. ಮೊದಲು ಬಸ್ಸಮ್ಮ.

ಗಾಳಿ ಕೋಟೆ ಎಂದರೆ ಕೆಂಪು ಹಳದಿ ರಬ್ಬರಿನ ದೊಡ್ಡ ಮನೆ. ಹಿಂದೆ ಒಂದು ಮೋಟಾರು ಗುಂಯ್ ಎಂದು ಗಾಳಿ ಊದುತ್ತಿರುವವರೆಗೂ ಅದು ನಿಂತಿರುತ್ತದೆ. ಮುಂದೆ ಮಕ್ಕಳು ಕುಣಿಯುವ ಅಂಗಳ, ಅದರ ಹಿಂದೆ ಎರಡು ಕೋಣೆ, ಕೊನೆಯಲ್ಲಿ ತೆವಳಿಕೊಂಡು ಹೋಗುವ ಮೂರು ಸುರಂಗ. ಬಾಗಿಲ ಪಕ್ಕ ಮರದ ಚಪ್ಪಲಿ ಗೂಡು, ಇಪ್ಪತ್ತನಾಲ್ಕು ಖಾನೆ.

"ಕೆಲಸ ಸುಲಭ," ಎಂದ ಸೀಟಿ ಸಾರ್. "ಒಂದು ಮಗು, ಒಂದು ಖಾನೆ. ಗೂಡು ತುಂಬಿತು ಅಂದ್ರೆ ಒಳಗೆ ಬಿಡೋದು ನಿಲ್ಸಿ. ಗಂಟೆಗೊಂದ್ಸಲ ಮೋಟಾರು ಆರಿಸ್ಬೇಕು, ಹತ್ತು ನಿಮಿಷ ತಣ್ಣಗಾಗ್ಲಿ. ನಾನು ಸೀಟಿ ಊದ್ತೀನಿ, ಮಕ್ಕಳು ಬಂದು ಚಪ್ಪಲಿ ಹಾಕ್ಕೊಂಡು ಹೋಗ್ತವೆ. ಗೂಡು ಖಾಲಿಯಾದ್ರೆ ಕೋಟೆ ಖಾಲಿ. ಸ್ವಿಚ್ಚು ಆಫ್. ಒಳಗೆ ಇಣುಕೋ ಗೋಜೇ ಇಲ್ಲ. ನಾನೇ ಮಾಡಿದ್ದು ಈ ಏರ್ಪಾಟು."

ಅವನ ಮುಖದಲ್ಲಿ ಹೆಮ್ಮೆಯಿತ್ತು. ಬಸ್ಸಮ್ಮನ ಕಣ್ಣಿಗೆ ಬಸ್ಸಿನ ಕೊಕ್ಕೆಗಳು ಬಂದವು. "ಒಳ್ಳೇದು ಸಾರ್," ಎಂದಳು.

ಆ ಗಂಟೆ ಹೇಗೆ ಕಳೆಯಿತೋ. ಮಕ್ಕಳು ಬಂದವು, ಮೊದಲಿಗೆ ಎರಡು, ಆಮೇಲೆ ಜೇನು ಎದ್ದ ಹಾಗೆ. ಒಬ್ಬನ ಬೂಟಿನ ಲಾಡಿ ಗಂಟುಬಿದ್ದಿತ್ತು, ಬಿಡಿಸಿದಳು. ಒಬ್ಬಳು ಜೇಬಿನಿಂದ ಕಲ್ಲು ತೆಗೆದು "ಇಟ್ಕೊಂಡಿರಿ, ಕಳೆದ್ರೆ ನೋಡಿ!" ಎಂದು ಗದರಿಸಿ ಒಳಗೆ ಓಡಿದಳು. ಏಳು ತಿಂಗಳಿಂದ ಹತ್ತಿ ತುರುಕಿದಂತಿದ್ದ ಕಿವಿಗೆ ಆ ಗಲಾಟೆ ಬಿದ್ದು ಬಸ್ಸಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬೇಲಿಯಾಚೆಯ ಬೆಂಚಿನಲ್ಲಿ ಕೂತಿದ್ದ ಟೋಪಿ ಹುಡುಗಿ, ತನಗಿನ್ನು ಇಲ್ಲಿ ಕೆಲಸವಿಲ್ಲ ಎಂಬ ಹಾಗೆ ಫೋನು ನೋಡುತ್ತಿದ್ದಳು.

ಸೀಟಿ ಕೂಗಿತು. ಮಕ್ಕಳು ಬಿದ್ದೆದ್ದು ಹೊರಬಂದು ಚಪ್ಪಲಿ ಮೆಟ್ಟಿಕೊಂಡವು. ಕಲ್ಲಿನ ಒಡತಿ ಕಲ್ಲು ವಸೂಲು ಮಾಡಿಕೊಂಡು ಹೋದಳು. ಒಬ್ಬ ಅಪ್ಪ ಎರಡು ಜತೆ ಚಪ್ಪಲಿ ಒಂದೇ ಕೈಯಲ್ಲಿ ಹಿಡಿದು, ಬರಿಗಾಲಿನ ಮಗುವನ್ನು ಎತ್ತಿಕೊಂಡು ನಡೆದ. ಎರಡು ಜತೆ. ಇನ್ನೊಂದು ಮಗು ಅವನ ಮುಂದೆ ಓಡುತ್ತಿತ್ತೋ, ಅದು ಬೇರೆಯವರದೋ? ಬಸ್ಸಮ್ಮ ಕತ್ತು ಚಾಚಿದಳು. ಗುಂಪಿನಲ್ಲಿ ಕಾಣಲಿಲ್ಲ.

ಗೂಡಿನಲ್ಲಿ ಇಪ್ಪತ್ತನಾಲ್ಕು ಖಾನೆಯೂ ಖಾಲಿ.

"ಹ್ಞೂಂ, ಆಫ್ ಮಾಡಿ," ಎಂದ ಸೀಟಿ ಸಾರ್.

ಅವಳ ಕೈ ಸ್ವಿಚ್ಚಿನ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಅವಳು ಕೋಟೆಯೊಳಗೆ ಕಾಲಿಟ್ಟಳು. ನೆಲ ಜಗ್ಗಿ ಮಂಡಿಯೂರಿಸಿತು. ಮಂಡಿಯ ಮೇಲೆಯೇ ಅಂಗಳ ದಾಟಿದಳು, ಎರಡು ಕೋಣೆ ನೋಡಿದಳು, ಒಂದೊಂದು ಸುರಂಗದಲ್ಲೂ ತಲೆ ತೂರಿಸಿ ತೆವಳಿದಳು. ಕೊನೆಯದರ ತುದಿಯವರೆಗೂ ಕೈಯಾಡಿಸಿದಳು. ಒಂದು ಕಾಲುಚೀಲ ಸಿಕ್ಕಿತು. ಯಾರೂ ಇರಲಿಲ್ಲ.

ಹೊರಗೆ ಬರುವಾಗ ಜಡೆ ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಬೆಂಚಿನ ಹುಡುಗಿ ಬಾಯಿಗೆ ಟೋಪಿ ಅಡ್ಡ ಹಿಡಿದು ನಗುತ್ತಿದ್ದಳು.

ಸೀಟಿ ಸಾರ್ ನಗಲಿಲ್ಲ. "ಒಳಗೆ ಏನಾದ್ರೂ ಬೀಳಿಸ್ಕೊಂಡ್ರಾ?"

"ಇಲ್ಲ ಸಾರ್. ಮಗು ಇದೆಯಾ ಅಂತ ನೋಡಿದೆ."

"ಗೂಡು ಖಾಲಿ ಇತ್ತಲ್ರೀ. ಹೇಳಿದ್ನಲ್ಲ?"

"ಒಬ್ರ ಚಪ್ಪಲಿ ಇನ್ನೊಬ್ರು ಎತ್ಕೊಂಡು ಹೋಗ್ತಾರೆ ಸಾರ್."

"ನಾಲ್ಕು ವರ್ಷದಿಂದ ಹೀಗೇ ನಡೀತಿದೆ. ಏನೂ ಆಗಿಲ್ಲ."

"ನನ್ನದೂ ಹನ್ನೊಂದು ವರ್ಷ ಏನೂ ಆಗಿರ್ಲಿಲ್ಲ."

ಮಾತು ಜಾರಿಬಿಟ್ಟಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು, ವಯಸ್ಸಾದವಳ ಗಾಬರಿ ಎಂದು ಅವನು ಬಿಟ್ಟುಬಿಡುತ್ತಿದ್ದ. ಬಸ್ಸಮ್ಮ ಬೇಲಿಯ ಕಂಬ ಹಿಡಿದುಕೊಂಡಳು. ಕೊಕ್ಕೆ, ಚೀಲ, ಅಕ್ಕ, ತಮ್ಮ, ನಲವತ್ತು ನಿಮಿಷ, ಒಂದನ್ನೂ ಬಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಶಾಲೆ ಮುಚ್ಚಿಲ್ಲ ಎಂಬುದನ್ನೂ ಹೇಳಿದಳು. ಹಿಂದೆ ಮೋಟಾರು ಗುಂಯ್‌ಗುಡುತ್ತಲೇ ಇತ್ತು.

ಅವನು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಅರ್ಜೀಲಿ ಇದನ್ನ ಬರೀಲಿಲ್ಲ ನೀವು."

"ಬರೆದಿದ್ರೆ ಕರೀತಿದ್ರಾ?"

"ಇಲ್ಲ." ಅವನು ದಾರ ಬಿಚ್ಚಿದ. "ಈಗ್ಲೂ ಆಗಲ್ಲ ಅಮ್ಮ. ನಾನು ಒಪ್ಕೊಂಡ್ರೂ ಕಚೇರಿಯವರು ಒಪ್ಪಲ್ಲ. ಸುಳ್ಳು ಬರೆದೋರ ಹತ್ರ ಮಕ್ಕಳನ್ನ ಹೇಗೆ ಬಿಡೋದು?"

"ಸರಿ ಸಾರ್. ಅದು ನ್ಯಾಯ." ಅವಳು ಬಿಚ್ಚಿದ ಜಡೆಯನ್ನು ಗಂಟುಹಾಕಿಕೊಂಡಳು. "ನನ್ನನ್ನ ತಗೋಬೇಡಿ. ಗೂಡು ನಂಬಬೇಡಿ, ಅಷ್ಟೇ. ಒಳಗೆ ಹೋಗಿ ನೋಡೋಕೆ ಎರಡು ನಿಮಿಷ ಸಾಕು."

"ನಮ್ಮ ಕೆಲಸ ನಮಗೆ ಗೊತ್ತು," ಎಂದು ಅವನು ತಾನೇ ಸ್ವಿಚ್ಚು ಒತ್ತಿದ. ಮುಖ ಗಂಟಿಕ್ಕಿತ್ತು. ಹುಡುಗಿಯನ್ನು ಕೈಸನ್ನೆ ಮಾಡಿ ಕರೆದ.

ಪಾಪ್‌ಕಾರ್ನ್ ಅಂಗಡಿ ಅಲ್ಲಿಗೆ ಕೂಗಳತೆ. ನಾದಿನಿ ಮುಖ ನೋಡಿಯೇ ಕೈಲಿದ್ದ ಸೌಟು ಕೆಳಗಿಟ್ಟಳು.

"ಹೇಳ್ಬಿಟ್ರಾ?"

"ಹ್ಞೂಂ."

"ಎಲ್ಲಾನೂ?"

"ಎಲ್ಲಾನೂ."

"ಅಯ್ಯೋ ಅತ್ತಿಗೆ! ಬಾಯಿಗೆ ಒಂದು ಬೀಗ ಹಾಕ್ಕೊಳ್ಳೋಕೆ ಆಗ್ಲಿಲ್ವಾ? ಎರಡು ತಿಂಗಳು ಕಣ್ರೀ! ನೀವೊಬ್ರೇ ಸುಮ್ನೆ ಪ್ರತಿಸಲ ಒಳಗೆ ಹೋಗಿ ನೋಡ್ಕೊಂಡು ಬಂದಿದ್ರೆ ಮುಗೀತಿತ್ತು. ಅವರಿಗೆ ಕಾರಣ ಯಾಕೆ ಬೇಕಿತ್ತು?"

ಬಸ್ಸಮ್ಮ ಅದನ್ನು ಯೋಚಿಸಿರಲಿಲ್ಲವೆಂದಲ್ಲ. ಸುರಂಗದೊಳಗೆ ತೆವಳುವಾಗಲೇ ಯೋಚಿಸಿದ್ದಳು. "ನಾನಿಲ್ಲದ ದಿನ?" ಎಂದಳು. "ರಜೆ ಮುಗಿದ ಮೇಲೆ?"

ನಾದಿನಿ ಸೌಟು ಎತ್ತಿಕೊಂಡಳು. ಗಿರಾಕಿ ಬಂದಿದ್ದರು. ಪೊಟ್ಟಣ ತುಂಬುವಾಗ ಮೂಗು ಎಳೆದುಕೊಂಡಳು. ಬೇಕಾದದ್ದಕ್ಕಿಂತ ಜೋರಾಗಿ "ಮುಂದಿನೋರು!" ಎಂದಳು.

ಮನೆಗೆ ಹೋಗುವ ಬಸ್ಸು ಇತ್ತು. ಬಸ್ಸಮ್ಮ ಹೋಗಲಿಲ್ಲ. ಗಾಳಿ ಕೋಟೆಯ ಬೇಲಿಯ ಹೊರಗೆ ನಿಂತಳು. ಕೋಟೆ ಮತ್ತೆ ಎದ್ದಿತ್ತು, ಗೂಡು ತುಂಬಿತ್ತು, ಟೋಪಿ ಹುಡುಗಿ ಮಕ್ಕಳನ್ನು ಚೆನ್ನಾಗಿಯೇ ಸಂಭಾಳಿಸುತ್ತಿದ್ದಳು. ಹುಡುಗಿ ಕೆಟ್ಟವಳೇನಲ್ಲ. ಬಸ್ಸಮ್ಮ ಒಂದೊಂದೇ ಮಗುವನ್ನು ಅಂಗಿಯ ಬಣ್ಣದಿಂದ ಗುರುತಿಟ್ಟುಕೊಂಡಳು. ನೀಲಿ, ಹೂವಿನದು, ಹಸಿರು ಗೆರೆ. ಹತ್ತೊಂಬತ್ತರವರೆಗೂ ಹಿಡಿದಳು, ಆಮೇಲೆ ಕಲಸಿಹೋಯಿತು.

ಸೀಟಿ. ಮಕ್ಕಳು ಹೊರಬಂದವು. ಗೂಡು ಖಾಲಿಯಾಯಿತು. ಹುಡುಗಿ ಬಾಗಿಲಲ್ಲಿ ಬಗ್ಗಿ ಅಂಗಳದೊಳಗೆ ಒಮ್ಮೆ ಕಣ್ಣುಹಾಯಿಸಿ, "ಆಯ್ತು ಸಾರ್," ಎಂದಳು.

"ಸುರಂಗ!" ಬಸ್ಸಮ್ಮ ಕೂಗಿಯೇಬಿಟ್ಟಳು. "ಸುರಂಗ ನೋಡಿಲ್ಲ ಕಣಮ್ಮ!"

ಸುತ್ತಲಿನ ಜನ ತಿರುಗಿ ನೋಡಿದರು. ಹುಡುಗಿ ಸೀಟಿ ಸಾರನ ಕಡೆ ನೋಡಿದಳು. ಸೀಟಿ ಸಾರ್ ಬೇಲಿಯ ಕಡೆ ನೋಡಿದ. ಆ ನೋಟದಲ್ಲಿ ಕೋಪವಿತ್ತು, ಅದರಡಿಯಲ್ಲಿ ಇನ್ನೇನೋ ಇತ್ತು, ಬಸ್ಸಮ್ಮನಿಗೆ ತಿಳಿಯಲಿಲ್ಲ. ಅವನು ಗೊಣಗುತ್ತ ಒಳಗೆ ಬೆರಳು ತೋರಿಸಿದ. ಹುಡುಗಿ ಕಾಲ ಚಪ್ಪಲಿ ಒದ್ದು ಬಿಟ್ಟು ಒಳಹೋದಳು. ಬಂದಾಗ ಮುಖ ಕೆಂಪಾಗಿತ್ತು. "ಯಾರೂ ಇಲ್ಲ!" ಎಂದು ಬಸ್ಸಮ್ಮನಿಗೆ ಕೇಳುವ ಹಾಗೆ ಹೇಳಿದಳು.

ಮೋಟಾರು ನಿಂತಿತು. ಕೋಟೆಯ ಗೋಪುರಗಳು ಮೊದಲು ಬಾಗಿದವು, ಆಮೇಲೆ ಗೋಡೆ, ಆಮೇಲೆ ಸುರಂಗ. ಯಾರೂ ಇಲ್ಲ ಎಂದು ಕಿವಿಯಾರೆ ಕೇಳಿದ್ದರೂ ಬಸ್ಸಮ್ಮ, ಆ ರಬ್ಬರು ನೆಲಕ್ಕೆ ಅಂಟುವವರೆಗೂ, ಎಲ್ಲಾದರೂ ಒಂದು ಉಬ್ಬು ಉಳಿದೀತೇ ಎಂದು ನೋಡುತ್ತಲೇ ಇದ್ದಳು.

ನಾದಿನಿ ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ಬಂದಳು. "ನಡೀರಿ ಅತ್ತಿಗೆ. ಇಲ್ಲಿ ನಿಂತ್ಕೊಳ್ಳೋಕೆ ನಿಮ್ಮನ್ನ ಯಾರೂ ಕೆಲಸಕ್ಕೆ ತಗೊಂಡಿಲ್ಲ."

"ಗೊತ್ತು ಕಣೇ."

"ನಾಳೆ ಏನ್ ಮಾಡ್ತೀರಿ? ನಾಳಿದ್ದು? ದಿನಾ ಬೇಲಿ ಹಿಡ್ಕೊಂಡು ಕೂಗ್ತೀರಾ?"

ಬಸ್ಸಮ್ಮ ನೀರು ಕುಡಿದಳು. ಬಾಟಲಿಯ ಮುಚ್ಚಳ ತಿರುಪಿ ವಾಪಸು ಕೊಟ್ಟಳು. ಹತ್ತು ನಿಮಿಷ ಮುಗಿದು ಮೋಟಾರು ಮತ್ತೆ ಗುಂಯ್ ಎಂದಿತು, ಬಾಗಿಲಲ್ಲಿ ಮಕ್ಕಳು ಆಗಲೇ ಚಪ್ಪಲಿ ಬಿಚ್ಚಲು ಶುರುಮಾಡಿದ್ದವು.

"ನೀನು ಹೋಗು," ಎಂದಳು ಅವಳು. "ಇದೊಂದು ಸಲ ನೋಡಿ ಬರ್ತೀನಿ."