ಐದು ನೋಟಿಸಿನ ಮಾನ್ಯತೆ

ನಾನು ಒಂದು ಮೊಹರು. ಹಾಗೆಂದು ಹಗುರವಾಗಿ ಕಾಣಬೇಡಿ. ನಾನು ಬಿದ್ದರೆ ಕುಲಪತಿಗಳ ಕುರ್ಚಿಯೇ ಅಲ್ಲಾಡುತ್ತದೆ. ಧಾರವಾಡದ ಅಂಗಡಿಯೊಂದರಲ್ಲಿ ನನ್ನೆದೆಯ ಮೇಲೆ 'ಮಾನ್ಯತೆ ನೀಡಲಾಗಿದೆ' ಎಂದು ಕೊರೆದ ದಿನ, ನೋಡಲು ನೆರೆದವರು ಕಡಿಮೆಯೆಂದರೂ ಸಾವಿರ ಜನ.

ಅಂಥ ನನ್ನನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಲ್ಯಾಣ ಕಚೇರಿಯ ಡ್ರಾವರಿಗೆ ನೂಕಿದರು. ಪಕ್ಕದಲ್ಲಿ 'ತಿರಸ್ಕರಿಸಲಾಗಿದೆ' ಎಂಬ ಇನ್ನೊಬ್ಬ. ಅವನಿಗೆ ಮೂರು ಹೊತ್ತೂ ಶಾಯಿಯ ಊಟ, ನನಗೆ ದಿನವೂ ಏಕಾದಶಿ. ಹನ್ನೊಂದು ವರ್ಷ! ನನ್ನ ಸಿಟ್ಟಿಗೆ ಕಬ್ಬಿಣದ ಮೇಜು ಕರಗಿ ಹರಿಯಬೇಕಿತ್ತು.

ಆಗ ಹೊಸ ಕ್ಯಾಂಪಸ್ಸಿನಿಂದ ಶಾಂಭವಿ ಹಡಪದ ಎಂಬ ವಿದ್ಯಾರ್ಥಿನಿ ಬಂದಳು. ಹಳೆಯ ಕ್ಯಾಂಪಸ್ಸಿನಲ್ಲಿದ್ದ ಅಕ್ಕತಂಗೇರ ಬಳಗ ಎಂಬ ವಿದ್ಯಾರ್ಥಿನಿಯರ ಸಂಘದ ಘಟಕವನ್ನು ಅಲ್ಲಿಯೂ ತೆರೆಯಬೇಕಂತೆ. ಮಾನ್ಯತೆ ಸಿಕ್ಕರೆ ಘಟಕಕ್ಕೊಂದು ಕೋಣೆ. ಹಳ್ಳಿಯ ಹುಡುಗಿಯರು ತರಗತಿ ಮುಗಿಸಿ, ಬಸ್ಸು ಬರುವ ತನಕ ಮೂರು ತಾಸು ಗೇಟಿನ ಬಳಿ ಪೋಲಿಗಳ ಮಾತು ಕೇಳುತ್ತ ನಿಲ್ಲಬೇಕಿತ್ತು. ಇಬ್ಬರು ಆಗಲೇ ಓದು ಬಿಟ್ಟಿದ್ದರು.

ಸೂಪರಿಂಟೆಂಡೆಂಟ್ ಕಲ್ಲಪ್ಪ ಬಾರಕೇರ ನಿಯಮ ಓದಿದರು. ಒಂದು ವರ್ಷ ಕಾರ್ಯಕ್ರಮ ಮಾಡಿದ್ದಕ್ಕೆ ಕಚೇರಿಯ ದಾಖಲೆಯಿದ್ದರೆ ಮಾತ್ರ ಮಾನ್ಯತೆ. ಮಾನ್ಯತೆ ಇಲ್ಲದೆ ಕಾರ್ಯಕ್ರಮ ಮಾಡಿದರೆ ನೋಟಿಸು. ಎಂಥ ನಿಯಮ! ಈಜು ಕಲಿತ ಮೇಲೆಯೇ ನೀರಿಗಿಳಿ ಅಂದ ಹಾಗೆ.

ಶಾಂಭವಿ ಜಗಳವಾಡದೆ ಹೋದಳು. ಆ ವರ್ಷ ಬೇವಿನ ಮರದ ಕೆಳಗೆ ಪುಸ್ತಕ ವಿನಿಮಯ ನಡೆಯಿತು, ಸೈಕಲ್ ರಿಪೇರಿ ಕಲಿಕೆ ನಡೆಯಿತು, ವಕೀಲರ ಭಾಷಣವೂ ನಡೆಯಿತು, ಹೀಗೆ ಒಟ್ಟು ಐದು ಕಾರ್ಯಕ್ರಮ. ಬಲು ಶಿಸ್ತಿನ ಮನುಷ್ಯ ಕಲ್ಲಪ್ಪ. ಪ್ರತಿ ಸಲವೂ ದಿನಾಂಕ, ಸ್ಥಳ, ಹಾಜರಿದ್ದವರ ಸಂಖ್ಯೆ ಸಮೇತ ನೋಟಿಸು ಕಳಿಸಿದರು.

ವರ್ಷ ತುಂಬಿದ ದಿನ ಅವಳು ಐದೂ ನೋಟಿಸುಗಳನ್ನು ಅರ್ಜಿಗೆ ಲಗತ್ತಿಸಿ ತಂದಳು.

"ಏನವಾ, ನಾ ಬೈದದ್ದನ್ನ ತಂದು ನನಗs ತೋರಸ್ತೀಯಲ್ಲ?" ಎಂದರು ಕಲ್ಲಪ್ಪ.

"ಬೈದದ್ದಲ್ರೀ ಸರ್, ಬರದು ಕೊಟ್ಟದ್ದು. ಐದು ಕಾರ್ಯಕ್ರಮ, ಕೆಳಗ ನಿಮ್ಮ ಸಹಿ. ಕಚೇರಿ ದಾಖಲೆ ಅಂದ್ರ ಇನ್ನೇನ್ರಿ? ಸುಳ್ಳಂದ್ರ ಸುಳ್ಳ ಅಂತ ಬರದು ಕೊಡ್ರಿ."

ಕಲ್ಲಪ್ಪ ನಿಯಮದ ಪುಸ್ತಕವನ್ನು ಮೂರು ಸಲ ತಿರುವಿದರು. ಕೊನೆಗೆ ನನ್ನನ್ನು ತೆಗೆದರು. ಹನ್ನೊಂದು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ ಬಿದ್ದೆ ನೋಡಿ, ಹುಬ್ಬಳ್ಳಿಯ ತನಕ ಕಿಟಕಿಗಳು ನಡುಗಿದವು!

ಘಟಕಕ್ಕೆ ಕೋಣೆ ಸಿಕ್ಕಿತು. ಮರುವಾರವೇ ನಿಯಮಕ್ಕೆ ತಿದ್ದುಪಡಿ ಬಂತು: ನೋಟಿಸುಗಳನ್ನು ದಾಖಲೆಯೆಂದು ಪರಿಗಣಿಸತಕ್ಕದ್ದಲ್ಲ. ಒಂದು ಅರ್ಜಿ ಒಪ್ಪಲು ಹನ್ನೊಂದು ವರ್ಷ ತೆಗೆದುಕೊಂಡವರು ಒಂದು ಬಾಗಿಲು ಮುಚ್ಚಲು ಏಳೇ ದಿನ ತೆಗೆದುಕೊಂಡರು. ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಯಿತು. ನಾನೀಗ ರಬ್ಬರು ಬಿರಿದು, ಹಳೆಯ ಕಡತಗಳ ಗೋಣಿಚೀಲದಲ್ಲಿ ಮಲಗಿದ್ದೇನೆ. ಆ ತಿದ್ದುಪಡಿ ನೆನೆದರೆ ಈಗಲೂ ಮೈ ಉರಿಯುತ್ತದೆ. ಇರಲಿ, ಆ ಕೋಣೆಯಲ್ಲಿ ಕೂತ ಹುಡುಗಿಯರನ್ನು ಎಬ್ಬಿಸುವ ನಿಯಮ ಅವರಿಗೆ ಇನ್ನೂ ಸಿಕ್ಕಿಲ್ಲ.